ಬೋರಲು

ಆನೆಗುಂದಿಯ ದಂಡೆಯಲ್ಲಿ ಇನ್ನೂ ಮಬ್ಬು.
ಡಾಕ್ಟರ್ ಮಕಬೂಲರ ಬಿಳಿ ಮಾರುತಿಯ ನೆತ್ತಿಗೆ
ಎರಡು ಹಳೇ ಕೌದಿ ಹಾಸಿ
ನಾಲ್ವರು ಹರಿಗೋಲು ಎತ್ತಿದೆವು.
"ಮಗುಚಿ ಇಡ್ರಿ" ಅಂದೆ.
ಮಾರಿದ ಹಂಪಮ್ಮ ನಿಂತೇಬಿಟ್ಟಳು.
"ಆ ಮಾತು ಇದರ ಮುಂದ ಆಡಬ್ಯಾಡ್ರಿ.
ಬೋರಲು ಅನ್ರಿ."

ಬೋರಲು ಹಾಕಿದೆವು.
ಕಾರಿಗಿಂತ ಅದೇ ಅಗಲ. ಮುಂಗಾಜಿನ ಮೇಲೆ
ಹಣೆತನಕ ಎಳೆದ ಸೆರಗಿನಷ್ಟು ನೆರಳು.

ಕಟ್ಟುವುದು ನನಗೆ ಗೊತ್ತು ಅಂದುಕೊಂಡಿದ್ದೆ:
ಭತ್ತದ ಚೀಲ, ಗಾದಿ, ಒಮ್ಮೆ
ಗಂಗಾವತಿಯಿಂದ ನಿಲುವುಗನ್ನಡಿ.
ಲಾರಿಯ ಪಟ್ಟಿ ಕಿಟಕಿಯೊಳಗಿಂದ ತೂರಿಸಿ
ಅಡ್ಡ ಎರಡು ಸುತ್ತು, ಮೂರು ಗಂಟು.
ಅವಳು ಕಿರುಬೆರಳಲ್ಲಿ ಮೀಟಿ ನೋಡಿದಳು.
"ಭಾರ ಆಗಿದ್ರ ಕುಂತಲ್ಲೇ ಕುಂದರತಿತ್ತು.
ಇದು ತೇಲೂ ವಸ್ತು.
ನೀರಿಲ್ಲಂದ್ರ ಗಾಳಿ ಮ್ಯಾಲ ತೇಲತೈತಿ.
ಮುಂದಕೆರಡು ಹಗ್ಗ ಎಳೀರಿ, ಹಿಂದಕೆರಡು."
ದುಂಡಗಿದೆಯಲ್ಲ, ಇದಕ್ಕೆ ಮುಂದು ಯಾವುದು?
"ನೀವು ಹೊಂಟಿದ್ದೇ ಮುಂದು."

ಬಾಗಿಲು ತೆರೆಯುವಂತಿಲ್ಲ. ಕಿಟಕಿಯಿಂದಲೇ ಒಳಗೆ.
ನನ್ನ ಹೊಟ್ಟೆ ಅರ್ಧಕ್ಕೆ ಸಿಕ್ಕಿ
ಹಿಂದಿನಿಂದ ಯಾರೋ ನೂಕಿದರು.
ಹಂಪಮ್ಮ, ಹರಿಗೋಲಿಗೆ ಇಳಿದ ಹಾಗೆ,
ಒಂದು ಕಾಲು. ಇನ್ನೊಂದು ಕಾಲು.

ಕನಕಗಿರಿ ದಾಟಿದ್ದೇ ಪಟ್ಟಿ ಗುಂಯ್‌ಗುಟ್ಟತೊಡಗಿತು.
ಐವತ್ತಕ್ಕೆ ಒಂದು ಸದ್ದು,
ಅರವತ್ತಕ್ಕೆ ಹಲ್ಲು ಜುಮ್ಮೆನ್ನುವ ಇನ್ನೊಂದು.
"ನಿಲ್ಲಸ್ರಿ."
ಬಿಚ್ಚಿದಳು, ಜಡೆಗೆ ಕೊಡುವಂತೆ
ಪಟ್ಟಿಗೊಂದು ತಿರುವು ಕೊಟ್ಟು ಬಿಗಿದಳು.
ಅಷ್ಟೇ. ಸದ್ದಿಲ್ಲ.
ಆಮೇಲೆ ದಾರಿಯುದ್ದಕ್ಕೂ
ಅವಳ ಕೈ ತಲೆಮೇಲಿನ ಪಟ್ಟಿಯಲ್ಲೇ.

ತಾವರಗೇರಾದಲ್ಲಿ ಚಹಾ ಕಿಟಕಿಗೇ ಬಂತು.
ಹುಡುಗರು ಮುತ್ತಿದರು:
ಡಿಶ್ಶಾ? ರೊಟ್ಟಿ ಹಂಚಾ? ಯಾವ ರಾಕ್ಷಸಿಗೆ?
ಬಿಸಿಲೇರಿ, ತಳದ ಡಾಂಬರು ಮೆತ್ತಗಾಗಿ
ಬಿಳಿ ಬಾಗಿಲ ಮೇಲೆ ಕರಿ ಎಳೆಯೊಂದು ಇಳಿಯಿತು.
ಡಾಕ್ಟರಿಗೆ ಏನು ಹೇಳಲಿ?

ಕುಷ್ಟಗಿಯಾಚೆ ನಮ್ಮ ಕೆರೆ.
ಈ ಸಲ ತುಂಬಿದೆ, ಮೀನುಮರಿ ಬಿಟ್ಟಿದ್ದೇವೆ.
ಸಂಘದ ಹನ್ನೊಂದು ಮಂದಿಯಲ್ಲಿ
ಹುಟ್ಟು ಹಿಡಿದವರು ಒಬ್ಬರೂ ಇಲ್ಲ.
ಅವಳ ಗಂಟು ಒಂದೇ ಜಗ್ಗಿಗೆ ಬಿಚ್ಚಿತು.
ನನ್ನವಕ್ಕೆ ಕುಡುಗೋಲು ತರಿಸಬೇಕಾಯಿತು.
ನೀರಿಗಿಟ್ಟ ಕೂಡಲೆ ಹರಿಗೋಲು
ತನ್ನಷ್ಟಕ್ಕೆ ಪೂರ್ತಿ ಒಂದು ಸುತ್ತು ತಿರುಗಿತು,
ಹೊಸ ಊರು ನೋಡುವವರಂತೆ.

ಸಂಜೆ ಅವಳನ್ನು ಬಸ್ಸಿಗೆ ಬಿಟ್ಟು ಮರಳುವಾಗ
ಬಾಗಿಲು ತೆರೆದೇ ಒಳಗೆ ಕೂತೆ.
ಖಾಲಿ ರಸ್ತೆ. ಅರವತ್ತು ಮುಟ್ಟಿದಾಗ
ಕಾರೇ ಕೊಂಚ ಮೇಲೆದ್ದಂತಾಗಿ
ಎಡಗೈ ತಾನೇ ಹೋಗಿ
ಇಲ್ಲದ ಪಟ್ಟಿಯನ್ನು ಹುಡುಕಿತು.