ಕರಪತ್ರ

ಹೆಬ್ಬಾಳದ ಕೆರೆ ಏರಿ.
ಫ್ಲೈಓವರಿನ ಸದ್ದು ಇನ್ನೂ ಎದ್ದಿರಲಿಲ್ಲ,
ಕರಪತ್ರದವರು ಎದ್ದಿದ್ದರು.
ಗಾಳದವರಿಗೆ ಉಚಿತ ಪಾಸು, ಕೂರಲು ಕಟ್ಟೆ,
ವರ್ಷಕ್ಕೆರಡು ಸಲ ಮೀನುಮರಿ.

ದೊರೈರಾಜು ಓದಲಿಲ್ಲ. ಮೂಸಿ ನೋಡಿದ,
ಅಂಚು ಹರಿದು ನೀರಿಗದ್ದಿದ.
"ಹೋದ್ಸಲದೋರ್ದು ನುಣುಪು ಪೇಪರ್ರು,
ಎರೆಹುಳ ಮಧ್ಯಾಹ್ನಕ್ಕೇ ಸತ್ತೋದ್ವು.
ಇದು ವಾಸಿ ಕಣೋ, ತೇವ ಹಿಡಿಯತ್ತೆ."
ಹುಳ ಸುರುವಿ ಪೊಟ್ಟಣ ಕಟ್ಟಿದ.

ಫಯಾಜ್ ನಕ್ಕ ಸದ್ದಿಗೆ
ನೀರುಕಾಗೆ ಎದ್ದು ಹೋಯಿತು.

ನಾನು ಮಾತ್ರ, ಗುಟ್ಟಾಗಿ,
ನನ್ನ ಪ್ರತಿಯ ಎರಡನೇ ಪುಟ ತಿರುವಿದೆ.
ಕಟ್ಟೆಗೆ ನೆರಳೂ ಇರುತ್ತದಂತೆ.

ಬೆಂಡು ಮುಳುಗಿತು. ಎಳೆದೆ.
ಅಂಗೈಯಗಲದ ಜಿಲೇಬಿ ಮೀನು,
ತುಟಿಯಲ್ಲಿ ಆಗಲೇ ಒಂದು
ಹಳೆಯ ಗಾಳದ ಗಾಯ.

ದೊರೈರಾಜು ಇತ್ತ ತಿರುಗುವ ಮೊದಲೇ
ನೀರಿಗೆ ಬಿಟ್ಟೆ.