ಮುನ್ನೂರು ಎಂಬಿ

ಸೋಮವಾರ ಬೆಳಗಿನ ಜಾವ ಹವಾನಾದ ಬಸ್ಸು ಬರುತ್ತದೆ,
ಡ್ರೈವರನ ಊಟದ ಡಬ್ಬಿಯಡಿ ಒಂದು ಹಾರ್ಡ್ ಡಿಸ್ಕು,
ಈಗಷ್ಟೇ ಇಟ್ಟ ಮೊಟ್ಟೆಯ ಹಾಗೆ ಇನ್ನೂ ಬೆಚ್ಚಗೆ.
ಸೈಕಲ್ಲಿಗೇರಿಸಿ ಮನೆಮನೆಗೆ ಒಯ್ಯುತ್ತೇನೆ:
ಟರ್ಕಿಯ ಧಾರಾವಾಹಿ, ಕೊರಿಯಾದ ಪ್ರೇಮ, ಬೇಸ್‌ಬಾಲು,
ಕೊನೆಯ ಫೋಲ್ಡರಿನಲ್ಲಿ ದೆವ್ವಗಳು.
ನ್ವೇವಿತಾಸ್ ಬಂದರಿನ ಈ ಓಣಿಗಳಲ್ಲಿ
ಇಂಟರ್ನೆಟ್ಟೆಂದರೆ ನನ್ನ ಎರಡು ಕಾಲು.

ಹೊಲಿಗೆಯ ಎನೇಯ್ದಾ ಕೇಳುವುದು ದೆವ್ವಗಳನ್ನೇ.
"ಕೈ ನಡುಗುವ ಚಿತ್ರ ಬಂತೇನೋ?" ಎನ್ನುತ್ತಾಳೆ.
ಕ್ಯಾಮೆರಾ ಹಿಡಿದವರೇ ಸಾಯುವಂಥವು,
ಬರೀ ಉಸಿರು, ಓಟ, ಟಾರ್ಚಿನ ಬೆಳಕಲ್ಲಿ ಹುಲ್ಲು,
ನೆಲಕ್ಕೆ ಬಿದ್ದ ಮೇಲೂ ಓರೆಯಾಗಿ ನೋಡುತ್ತಲೇ ಇರುವ ಕಣ್ಣು.
ಅವಳಿಗೆ ಬೇಕಾದದ್ದು ಅದರಲ್ಲಿ ಒಂದೇ.
ಮಿಕ್ಕವನ್ನು ಕೇಳುವುದು ನನ್ನ ಮುಖ ಉಳಿಸಲು.

ಅದನ್ನು ನಾವೇ ಮಾಡಿದ್ದು.
ಮುಚ್ಚಿದ ಸಕ್ಕರೆ ಕಾರ್ಖಾನೆ, ಮೂರು ರಾತ್ರಿ, ಎರವಲು ಜನರೇಟರು.
ದೆವ್ವಕ್ಕೆ ದುಡ್ಡಿರಲಿಲ್ಲ, ಅದಕ್ಕೇ ತೋರಿಸಲಿಲ್ಲ;
ಗಾಣದ ಹಲ್ಲುಚಕ್ರದ ಹಿಂದೆ ಕೂತು ನಾನು ತಗಡು ಕೆರೆದೆ.
ಮೊದಲಿಗೆ ಕಪ್ಪು ತೆರೆಯ ಮೇಲೆ ಯುಸಿಮಿ ಬರೆದಳು:
ಈ ಮೂವರು ಇಂದಿನವರೆಗೂ ಸಿಕ್ಕಿಲ್ಲ.
ಸಿಕ್ಕಿದ್ದು ಕ್ಯಾಮೆರಾ ಮಾತ್ರ.
ಓದಿದ ಓಸ್ಮೆಲ್ ಎಷ್ಟು ನಕ್ಕನೆಂದರೆ
ಮೂಗಿನಿಂದ ರಮ್ ಬಂತು.

ಮರುವರ್ಷ ಕ್ಯಾಮೆರಾ ಮಾರಿದೆವು.
ಮಾರಿಕೊಟ್ಟವನು ನಾನು.
ಆ ದುಡ್ಡಿಗೆ ಒಂದು ಹಳೇ ಪಂಪಿನ ಮೋಟಾರು,
ಐದು ಜನರ ದೋಣಿಯ ಹಿಂದೆ ತಂತಿಯಲ್ಲಿ ಕಟ್ಟಿದ್ದು.
ಅಲ್ಲಿಂದಾಚೆಗೆ ಯಾರೂ ಶೂಟ್ ಮಾಡಿಲ್ಲ.

ಚಿತ್ರ ಮಾತ್ರ ತಿರುಗಿತು:
ಪೆನ್‌ಡ್ರೈವಿನಿಂದ ಫೋನಿಗೆ, ಫೋನಿನಿಂದ ಯಾರದೋ ಅಳಿಯನಿಗೆ,
ಹಡಗಿನ ಅಡುಗೆಯವನ ಜೇಬಿನಲ್ಲಿ ಬ್ರೆಜಿಲ್ಲಿಗೆ.
ಯುಸಿಮಿಯ ಲ್ಯಾಪ್‌ಟಾಪು ಉಪ್ಪುಗಾಳಿಗೆ ಸತ್ತಿತು.
ನನ್ನಲ್ಲಿದ್ದ ಅಸಲಿ ಫೈಲನ್ನು ನಾನೇ ಅಳಿಸಿದೆ,
ಧಾರಾವಾಹಿಯ ನಲವತ್ತು ಕಂತಿಗೆ ಜಾಗ ಸಾಲದೆ.
ಆಗಿನ್ನೂ ಅವನು ಎದುರುಮನೆಯಲ್ಲೇ ಇದ್ದ;
ಇರುವವನ ಪ್ರತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?
ಅವನಮ್ಮನೂ ನೋಡಿರಲಿಲ್ಲ. ದೆವ್ವದ ಸಿನೆಮಾ, ಬೇಡಪ್ಪ, ಅಂದಿದ್ದಳು.

ಆರು ವರ್ಷದ ಮೇಲೆ, ಈ ಸೋಮವಾರ, ಬಂತು.
ಬೇರೆ ಹೆಸರು. ಮೂಲೆಯಲ್ಲಿ ಯಾವನದೋ ಮುದ್ರೆ.
ನಾಲ್ಕು ಜಿಬಿ ಇದ್ದದ್ದು ಮುನ್ನೂರು ಎಂಬಿ.
ಕೆಳಗೆ ಹಳದಿ ಪೋರ್ಚುಗೀಸ್ ಅಕ್ಷರ.
ಎನೇಯ್ದಾ ಕನ್ನಡಕ ಏರಿಸಿ,
ತೆರೆಗೆ ಮೂಗು ತಾಗುವಷ್ಟು ಬಾಗಿ,
"ಸೊರಗಿದ್ದಾನೆ," ಅಂದಳು.

ಹನ್ನೆರಡನೇ ನಿಮಿಷ. ಗಾಣಕ್ಕೊರಗಿ ಓಸ್ಮೆಲ್
ಸೀಬೆಹಣ್ಣಿನ ಪಫ್ಸ್ ತಿನ್ನುತ್ತಿದ್ದಾನೆ, ಅವಳೇ ಕಟ್ಟಿಕೊಟ್ಟದ್ದು.
ಕೆನ್ನೆ ಚೌಕ ಚೌಕವಾಗಿ ಒಡೆದಿದೆ.
ಬಾಯಿ ತುಂಬಿಕೊಂಡೇ ಕ್ಯಾಮೆರಾ ಕಡೆ ಏನೋ ಗೊಣಗುತ್ತಾನೆ.
ಬರೆದ ಮಾತಲ್ಲ ಅದು. ಎಡಿಟ್ ಮಾಡುವಾಗ
ನೂರು ಸಲ ಕೇಳಿದರೂ ತಿಳಿಯದೆ ಹಾಗೇ ಬಿಟ್ಟಿದ್ದೆವು.
ಯಾವೂರಿನ ಯಾರೋ, ಹೆಡ್‌ಫೋನು ಹಾಕಿ,
ಕಾಸಿಲ್ಲದ ಕೆಲಸಕ್ಕೆ ರಾತ್ರಿಯೆಲ್ಲ ಕೂತು
ಅದನ್ನು ಬಿಡಿಸಿದ್ದಾನೆ:
ಅಮ್ಮನಿಗೆ ಹೇಳಬೇಡ.

ನಮ್ಮದಕ್ಕೆ ಅದು ತಂಗಿ ಭಾಷೆ; ಅವಳು ಓದಿಕೊಂಡಳು.
"ಏನನ್ನ?" ಅಂದಳು, ತೆರೆಗೆ.
ಆಮೇಲೆ ನನಗೆ.

ಎರಡನೇ ಪಫ್ಸ್ ಇರಬಹುದು, ಅಂದೆ,
ತಂಗಿಯ ಪಾಲಿನದು.

ಅವಳು ಹಿಂದಕ್ಕೆಳೆದಳು. ಮತ್ತೆ. ಮತ್ತೆ.
ಇಪ್ಪತ್ತನೇ ನಿಮಿಷದ ತಗಡಿನ ಸದ್ದಿನತನಕ ಹೋಗಲೇ ಇಲ್ಲ.
ಕಾಪಿ ಮುಗಿದು ಎಷ್ಟೋ ಹೊತ್ತಾಗಿತ್ತು,
ಇನ್ನೂ ಹದಿನಾಲ್ಕು ಮನೆ ಬಾಕಿ.
ನಾನು ಕೇಬಲ್ ಹಿಡಿದುಕೊಂಡೇ ನಿಂತಿದ್ದೆ,
ತಗಡು ಕೆರೆದ ಅದೇ ಕೈಯಲ್ಲಿ.