ತೊಗರಿ ಕಡ್ಡಿ

ಮೈಂದರ್ಗಿಯ ಕುಂಬಾರ ಓಣಿಯಲ್ಲಿ
ನಮ್ಮ ಸೋದರತ್ತೆ ನಾಗಿಂದ್ರವ್ವ
ಚಿಲುಮೆಗೆ ತಿಗರಿ ಮುಟ್ಟುವವಳಲ್ಲ.
ಬೋರಿ ಹೊಳೆಯ ಮಣ್ಣು, ಹಿಡಿ ಕತ್ತೆಲದ್ದಿ, ಸೋಸಿದ ಬೂದಿ.
ಎಣ್ಣೆ ಸವರಿದ ತೊಗರಿ ಕಡ್ಡಿಯ ಸುತ್ತ
ಅಂಗೈಯಲ್ಲೇ ಹೊಸೆಯುತ್ತಾಳೆ,
ಮೇಲೆ ಬಾಯಿ ಬಿಟ್ಟ ಹಾಗೆ, ಕೆಳಗೆ ಮುಚ್ಚಿದ ಹಾಗೆ.
ಕಡ್ಡಿ ಎಳೆಯುವಾಗ ಮಾತ್ರ ಉಸಿರು ಹಿಡಿಯುತ್ತಾಳೆ.
ಕಾಲು ಸುತ್ತು ತಿರುವಿ, ಮೆಲ್ಲಗೆ,
ಮಣ್ಣಿಗೆ ಗೊತ್ತಾಗಬಾರದು.
“ನಾ ಮಾಡೂದು ತೂತು,” ಅನ್ನುತ್ತಾಳೆ,
“ಮಣ್ಣು ಅದರ ಅಂಗಿ.”

ಗಿರಣಿಯಲ್ಲಿ ಉಂಗುರಬೆರಳು ಬಿಟ್ಟು ಬಂದ ಲಾಡ್ಲೇಸಾಬ
ಬಾಗಿಲಲ್ಲಿ ನಿಂತು ಮುಷ್ಟಿ ತೋರಿಸಿದ:
“ಸಂದ್ಯಾಗ ಹೊಗಿ ಸೋರತೈತಿ ಅವ್ವಾ.”
ಅತ್ತೆ ಅವನ ಕೈ ಮುಟ್ಟಲಿಲ್ಲ.
ಹಸಿ ಚಿಲುಮೆ ಚಾಚಿದಳು. “ಹಿಡಿ. ಸಾಕು, ಬಿಡು.”
ಮೂರು ಬೆರಳ ಅಚ್ಚು, ನಡುವೆ ಬಯಲು.
ಆ ಬಯಲಿಗೆ ಮಣ್ಣಿನ ಉಬ್ಬೊಂದು ಕೂಡಿಸಿ,
ನೀರ್ಬೆರಳಲ್ಲಿ ಸವರಿ, ಹೊಳೆಗಲ್ಲಿನಿಂದ ಉಜ್ಜಿದಳು
ಅದು ಮೊದಲಿಂದ ಇದ್ದದ್ದೇ ಅನ್ನುವ ತನಕ.
ಒಳಗಿಡುವ ಹರಳನ್ನು ನಾನು ಆರಿಸಿದೆ;
ನಾಲ್ಕು ಸಲ ಬೇಡವೆಂದು ಎಸೆದಳು.

ಆವಿಗೆಯಲ್ಲಿ ಹನ್ನೊಂದು ಒಡೆದವು.
ಇದು ಬಂತು, ಒಂದು ಮಗ್ಗಲು ಕಪ್ಪಾಗಿ.
ಹದಿನೈದು ರೂಪಾಯಿ. ಉಬ್ಬಿಗೆ ಬೇರೆ ದುಡ್ಡಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಸೋಮವಾರ
ಸಂತೆಯಲ್ಲಿ ಸಿಕ್ಕ, ಚಿಲುಮೆ ಕೈಯಲ್ಲೇ ಇತ್ತು.
ಅತ್ತೆ ಇಸಿದುಕೊಂಡು, ಹರಳು ತೆಗೆದು,
ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಹಿಡಿದಳು.
ತೂತಿನಾಚೆ ಸಂತೆ: ಮೆಣಸಿನಕಾಯಿ ರಾಶಿ,
ಅಕ್ಕಲಕೋಟೆಯ ಬಸ್ಸು.
ಚೂರೂ ಮಸಿಯಿಲ್ಲ.

“ಸೇದೇ ಇಲ್ಲಲ್ಲೋ!”
“ಸೊಲ್ಲಾಪುರದ ಡಾಕ್ಟರ ಬ್ಯಾಡ ಅಂದಾನ,” ಅಂದ ಸಾಬ,
ಕೈ ಚಾಚಿ,
“ಬರೇ ಹಿಡಕೋತೀನಿ.”